ಜನನ ಪತ್ರದಲ್ಲಿ ಹೆಸರಿದ್ದರೆ ಸಾಕೇ? ಅಮೆರಿಕದ ರಾಜ್ಯಗಳ ಪೋಷಕತ್ವ ಕಾನೂನು ಮತ್ತು ನಮ್ಮಂಥ ಮನೆಗಳು

ಶರಾವತಿ (ವೂಸ್ಟರ್, ಮ್ಯಾಸಚೂಸೆಟ್ಸ್)

ಎಲ್ಲರಿಗೂ ನಮಸ್ಕಾರ. ಬರೆಯಲೋ ಬೇಡವೋ ಅಂತ ತಿಂಗಳುಗಟ್ಟಲೆ ತಡೆದುಕೊಂಡಿದ್ದೆ. ಇವತ್ತು ಬರೆದೇ ಬಿಡ್ತೀನಿ. ಉದ್ದ ಆಗುತ್ತೆ, ಪುರುಸೊತ್ತು ಮಾಡಿಕೊಂಡು ಓದಿ.

ನಾನು ಸಾಗರದ ಕಡೆಯವಳು. ಈ ದೇಶಕ್ಕೆ ಬಂದು 11 ವರ್ಷ. ನಾನು ಮದುವೆಯಾದದ್ದು ಒಬ್ಬ ಹೆಂಗಸನ್ನು, ಇಲ್ಲಿಯವಳೇ. ನಮಗೆ ನಾಲ್ಕು ವರ್ಷದ ಮಗ ಇದ್ದಾನೆ. ದಾನಿಯ ವೀರ್ಯದಿಂದ ಆದ ಮಗು, ಹೊತ್ತು ಹೆತ್ತವಳು ಅವಳು. ಎಣ್ಣೆ ನೀವಿ ನೀರೆರೆದವಳು ನಾನು. ಅವನಿಗೆ ಅವಳು ಇಂಗ್ಲಿಷಿನ 'ಮಾಮಾ', ಅಂದರೆ ಅಮ್ಮ, ನಾನು ಆಯಿ. ಜನನ ಪತ್ರದಲ್ಲಿ ಇಬ್ಬರ ಹೆಸರೂ ಇದೆ. ಅಷ್ಟಿದ್ದರೆ ಸಾಕು ಅಂದುಕೊಂಡಿದ್ದೆವು.

ಹೋದ ಚಳಿಗಾಲಕ್ಕಿಂತ ಹಿಂದಿನ ಚಳಿಗಾಲ ದಕ್ಷಿಣದ ಒಂದು ರಾಜ್ಯದಲ್ಲಿರೋ ಗೆಳತಿಯ ಮನೆಗೆ ನಾನೂ ಮಗನೂ ಹೋಗಿದ್ದೆವು. ಹೆಂಡತಿಗೆ ಕೆಲಸ ಇತ್ತು, ಬರಲಿಲ್ಲ. ಎರಡನೇ ರಾತ್ರಿ ಮಗುವಿಗೆ ಕೆಮ್ಮು ಹೆಚ್ಚಾಗಿ ಉಸಿರು ಎಳೆಯುವಾಗ ಸೀಟಿ ಹೊಡೆದ ಹಾಗೆ ಸದ್ದು ಬರೋಕೆ ಶುರುವಾಯ್ತು. ಎಮರ್ಜೆನ್ಸಿಗೆ ಓಡಿದೆ. ಚಿಕಿತ್ಸೆ ತಕ್ಷಣ ಕೊಟ್ಟರು, ಅದರಲ್ಲಿ ಕೊರತೆ ಮಾಡಲಿಲ್ಲ. ಆದರೆ ರಾತ್ರಿ ಅಡ್ಮಿಟ್ ಮಾಡಿಕೊಳ್ಳೋಕೆ ಸಹಿ ಬೇಕು ಅಂತ ಒಂದು ಫಾರಂ ಕೊಟ್ಟರು. ಅದರಲ್ಲಿ ಎರಡು ಖಾನೆ: ತಾಯಿ, ತಂದೆ. ನಾನು ತಾಯಿ ಅನ್ನೋ ಕಡೆ ನನ್ನ ಹೆಸರು ಬರೆದೆ. ಕೌಂಟರಿನಲ್ಲಿದ್ದಾಕೆ ನನ್ನ ಮುಖ ನೋಡಿದಳು, ಮಗುವಿನ ಮುಖ ನೋಡಿದಳು. 'ನೀವು ಹೆತ್ತವರಾ?' ಅಂದಳು. ಫೋನಿನಲ್ಲಿದ್ದ ಜನನ ಪತ್ರದ ಫೋಟೋ ತೋರಿಸಿದೆ. ಯಾರಿಗೋ ಫೋನ್ ಮಾಡಿದಳು, ಅವರು ಇನ್ಯಾರಿಗೋ ಮಾಡಿದರು. ಕೊನೆಗೆ ನನ್ನ ಹೆಂಡತಿಯನ್ನು ನಿದ್ದೆಯಿಂದ ಎಬ್ಬಿಸಿ, ಅವಳ ಒಪ್ಪಿಗೆ ಫೋನಿನಲ್ಲಿ ತೆಗೆದುಕೊಂಡರು. ನನ್ನ ಸ್ವೆಟರಿಗೆ ಕಿತ್ತಳೆ ಬಣ್ಣದ ಒಂದು ಸ್ಟಿಕ್ಕರ್ ಅಂಟಿಸಿದರು. 'ವಿಸಿಟರ್.'

ಬೆಳಗಿನ ಜಾವ ಮಗ ಎಚ್ಚರಾಗಿ ಆ ಸ್ಟಿಕ್ಕರಿನ ಅಂಚನ್ನು ಉಗುರಿನಿಂದ ಕೀಳುತ್ತಾ ಕೂತಿದ್ದ. ನಾನು ಬೇಡ ಕಂದ, ಕಿತ್ತರೆ ಹೊರಗೆ ಕಳಿಸ್ತಾರೆ ಅಂದೆ. ಆ ಮಾತು ನನ್ನ ಬಾಯಿಂದ ಬಂತಲ್ಲ, ಅದನ್ನು ನಾನು ಇನ್ನೂ ಮರೆತಿಲ್ಲ.

ವಾಪಸ್ ಬಂದವರೇ ವಕೀಲರನ್ನು ಹಿಡಿದು ನನ್ನ ಮಗನನ್ನು ನಾನೇ ದತ್ತು ತೆಗೆದುಕೊಂಡೆ. ಈಗ ನಮ್ಮ ರಾಜ್ಯದಲ್ಲಿ ಕಾನೂನು ಬದಲಾಗಿದೆ. ಗವರ್ನರ್ ಮೋರಾ ಹೀಲಿ 2024ರ ಆಗಸ್ಟ್ 9ರಂದು ಸಹಿ ಹಾಕಿದ ಮ್ಯಾಸಚೂಸೆಟ್ಸ್ ಪೇರೆಂಟೇಜ್ ಆಕ್ಟ್ 2025ರ ಜನವರಿ 1ರಿಂದ ಜಾರಿಯಲ್ಲಿದೆ. 2004ರಲ್ಲಿ ದೇಶದಲ್ಲೇ ಮೊದಲು ಇಬ್ಬರು ಹೆಂಗಸರ, ಇಬ್ಬರು ಗಂಡಸರ ಮದುವೆಗೆ ಒಪ್ಪಿದ ರಾಜ್ಯ ಇದು. ಆ ಮನೆಗಳಲ್ಲಿ ಹುಟ್ಟುವ ಮಕ್ಕಳ ಕಾನೂನನ್ನು ಸರಿಮಾಡೋಕೆ ಇನ್ನೂ 20 ವರ್ಷ ಬೇಕಾಯ್ತು. ಅಲ್ಲಿಯವರೆಗೆ 1980ರ ದಶಕದ ಕಾನೂನೇ ಇತ್ತು, 'ಮದುವೆಯಾಚೆ ಹುಟ್ಟಿದ ಮಕ್ಕಳು' ಅನ್ನೋ ಮಾತಿನ ಸಮೇತ.

ನಿಮ್ಮ ನಿಮ್ಮ ರಾಜ್ಯಗಳಲ್ಲಿ ಹೇಗಿದೆ? ನೀವು ಏನು ಮಾಡಿದ್ದೀರಿ? ನಮ್ಮವರು ಇದನ್ನೆಲ್ಲ ಬಾಯಿಬಿಟ್ಟು ಮಾತಾಡೋದು ಕಡಿಮೆ, ಅದಕ್ಕೇ ಕೇಳ್ತಿದ್ದೀನಿ.

ಎಡಿಸನ್ ರಾಯರು (ನ್ಯೂಜೆರ್ಸಿ)

ಅಮ್ಮಾ ಶರಾವತಿ, ಓದಿ ಸಂಕಟ ಆಯ್ತು. ಮಗು ಈಗ ಹುಷಾರಾಗಿದ್ದಾನೆ ತಾನೆ?

ನಾನು ಹಳೇ ಕಾಲದವನು, 74 ನಡೀತಿದೆ. ಮನಸ್ಸಿನಲ್ಲಿರೋದನ್ನು ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಈ ದೇಶಕ್ಕೆ ಬಂದದ್ದು 1986ರಲ್ಲಿ. ಆಗ ನಮ್ಮ ನ್ಯೂಜೆರ್ಸಿಯ ಪೇಪರ್‌ಗಳ ತುಂಬ 'ಬೇಬಿ ಎಂ' ಕೇಸು. ದುಡ್ಡು ಪಡೆದು ಬೇರೆ ದಂಪತಿಗಾಗಿ ಮಗು ಹೆತ್ತ ಹೆಂಗಸು, ಹೆತ್ತ ಮೇಲೆ ಕೊಡಲಾರೆ ಅಂದಳು. 1988ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅಂಥ ಒಪ್ಪಂದವೇ ಊರ್ಜಿತವಲ್ಲ ಅಂತ ಹೇಳ್ತು. ಆ ಹೆಂಗಸಿನ ಅಳು ಟಿವಿಯಲ್ಲಿ ನೋಡಿದವನು ನಾನು. ಅವತ್ತಿನಿಂದ ನನಗೆ ಈ ವಿಷಯದಲ್ಲಿ ಅಳುಕು ಇದೆ. ತಾಯಿ ಯಾರು, ತಂದೆ ಯಾರು ಅನ್ನೋದನ್ನು ಕಾಗದದ ಮೇಲೆ ಬರೆದು ತೀರ್ಮಾನ ಮಾಡೋಕೆ ಆಗುತ್ತಾ? ಜನನ ಪತ್ರದಲ್ಲಿ ಹೆಸರಿದ್ದ ಮೇಲೂ ಇನ್ನೊಂದು ಕಾನೂನು ಯಾಕೆ ಬೇಕು? ತಿಳಿದವರು ಹೇಳಿ.

ಲಾಯರಮ್ಮ (ಆನ್ ಆರ್ಬರ್, ಮಿಷಿಗನ್)

ರಾಯರೇ, ನೀವು ಕೇಳಿದ್ದೇ ಮೂಲ ಪ್ರಶ್ನೆ. 15 ವರ್ಷದಿಂದ ಕುಟುಂಬ ನ್ಯಾಯಾಲಯದ ಕೆಲಸ ಮಾಡ್ತಿದ್ದೀನಿ, ನನ್ನ ಹತ್ತಿರ ಬರುವ ಹತ್ತು ಜನರಲ್ಲಿ ಎಂಟು ಜನ 'ಬರ್ತ್ ಸರ್ಟಿಫಿಕೇಟ್‌ನಲ್ಲಿ ಹೆಸರಿದೆಯಲ್ಲ ಮೇಡಂ' ಅಂತಲೇ ಮಾತು ಶುರು ಮಾಡ್ತಾರೆ.

ಜನನ ಪತ್ರ ಅನ್ನೋದು ಕಚೇರಿಯ ದಾಖಲೆ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಜಮೀನು ನಿಮ್ಮದೇ ಅಂತ ಸಾಬೀತಾಗುತ್ತಾ ಹೇಳಿ? ಯಾರಾದರೂ ತಕರಾರು ಎತ್ತುವ ತನಕ ನಡೆಯುತ್ತೆ, ಎತ್ತಿದ ದಿನ ಕೋರ್ಟು ಹಿಂದಿನ ಕ್ರಯಪತ್ರ ಕೇಳುತ್ತೆ. ಇದೂ ಹಾಗೇ. ಐಡಹೊ ರಾಜ್ಯದಲ್ಲಿ ಮದುವೆಯಾಗಿದ್ದ ಇಬ್ಬರು ಹೆಂಗಸರು ಗೆಳೆಯನೊಬ್ಬನ ವೀರ್ಯದಿಂದ ಮನೆಯಲ್ಲೇ ಗರ್ಭಧಾರಣೆ ಮಾಡಿಕೊಂಡರು. ಜನನ ಪತ್ರದಲ್ಲಿ ಇಬ್ಬರ ಹೆಸರೂ ಇತ್ತು. ಮುಂದೆ ವಿಚ್ಛೇದನ ಆಯ್ತು. ಆ ರಾಜ್ಯದ ಕಾನೂನಿನಲ್ಲಿ ಕೃತಕ ಗರ್ಭಧಾರಣೆಗೆ ಹೇಳಿದ ಕ್ರಮವನ್ನು ಇವರು ಪಾಲಿಸಿರಲಿಲ್ಲ ಅನ್ನೋ ಕಾರಣಕ್ಕೆ, ಹೆರದ ತಾಯಿಗೆ ಮಗುವಿನ ಮೇಲೆ ಪೋಷಕಿಯ ಹಕ್ಕಿಲ್ಲ ಅಂತ 2021ರಲ್ಲಿ ಐಡಹೊ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮದುವೆ, ಜನನ ಪತ್ರ ಎರಡೂ ಇದ್ದೂ ಕೈಬಿಟ್ಟವು.

ಅದಕ್ಕೇ ನಾನು ಹೇಳೋದು, ಕೋರ್ಟಿನ ಆದೇಶ ಬೇಕು. ಒಂದು ರಾಜ್ಯದ ಕೋರ್ಟು ಕೊಟ್ಟ ತೀರ್ಪನ್ನು ಉಳಿದ ರಾಜ್ಯಗಳು ಮಾನ್ಯ ಮಾಡಲೇಬೇಕು ಅಂತ ಸಂವಿಧಾನವೇ ಹೇಳುತ್ತೆ. ಜಾರ್ಜಿಯಾದಲ್ಲಿ ಆದ ಒಂದು ದತ್ತನ್ನು ಅಲಬಾಮಾದ ಕೋರ್ಟು ಒಪ್ಪೋದಿಲ್ಲ ಅಂದಾಗ, 2016ರ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ವಾದ ಕೂಡ ಕೇಳದೆ, ಒಕ್ಕೊರಲಿನಿಂದ ಅದನ್ನು ತಳ್ಳಿಹಾಕಿತು. ಶರಾವತಿ, ನಿಮ್ಮ ದತ್ತು ಆದೇಶಕ್ಕೆ ಇರೋ ಬಲ ಅದು. ಆ ರಾತ್ರಿ ಅದು ನಿಮ್ಮ ಕೈಯಲ್ಲಿದ್ದಿದ್ದರೆ ಸ್ಟಿಕ್ಕರ್ ಅಂಟಿಸೋಕೆ ಅವರಿಗೆ ಧೈರ್ಯ ಬರ್ತಿರಲಿಲ್ಲ.

ದತ್ತು ಬೇಡ, ಖರ್ಚು ಜಾಸ್ತಿ, ಮನಸ್ಸಿಗೆ ಒಪ್ಪೋದಿಲ್ಲ ಅನ್ನೋರಿಗೆ ಇನ್ನೊಂದು ದಾರಿ ಇದೆ. ಮದುವೆಯಾಗದ ಗಂಡು-ಹೆಣ್ಣಿಗೆ ಮಗು ಹುಟ್ಟಿದಾಗ ಆಸ್ಪತ್ರೆಯಲ್ಲೇ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸ್ತಾರೆ, ಈ ಮಗುವಿನ ತಂದೆ ನಾನೇ ಅಂತ. 1996ರ ಕೇಂದ್ರ ಕಾನೂನಿನ ಪ್ರಕಾರ 60 ದಿನದೊಳಗೆ ಹಿಂತೆಗೆದುಕೊಳ್ಳದಿದ್ದರೆ ಅದಕ್ಕೆ ಕೋರ್ಟಿನ ತೀರ್ಪಿನಷ್ಟೇ ಬೆಲೆ. ಇದುವರೆಗೆ ಅದು 'ತಂದೆ'ಗೆ ಮಾತ್ರ ಇತ್ತು. 2017ರಲ್ಲಿ ಏಕರೂಪ ಕಾನೂನು ಆಯೋಗ ಹೊರತಂದ ಯೂನಿಫಾರ್ಮ್ ಪೇರೆಂಟೇಜ್ ಆಕ್ಟ್‌ನ ಹೊಸ ಮಾದರಿ ಅದನ್ನು ಹೆರದ ತಾಯಿಗೂ, ದಾನಿಯ ನೆರವಿನಿಂದ ಮಗು ಪಡೆದವರಿಗೂ ತೆರೆಯಿತು. ವಾಷಿಂಗ್ಟನ್, ವರ್ಮಾಂಟ್, ಕ್ಯಾಲಿಫೋರ್ನಿಯಾ, ರೋಡ್ ಐಲೆಂಡ್, ಕನೆಕ್ಟಿಕಟ್, ನ್ಯೂಯಾರ್ಕ್ ಈಗಾಗಲೇ ಅಂಥ ಅವಕಾಶ ಕೊಟ್ಟಿವೆ, ಈಗ ಮ್ಯಾಸಚೂಸೆಟ್ಸ್. ಆಯೋಗ ಬರೆದುಕೊಡೋದು ಬರೀ ಮಾದರಿ, ರಾಜ್ಯದ ಶಾಸಕಾಂಗ ಅಂಗೀಕರಿಸದಿದ್ದರೆ ಅದಕ್ಕೆ ಕಿಲುಬುಕಾಸಿನ ಬೆಲೆ ಇಲ್ಲ.

ಇದು ಎರಡು ಹೆಂಗಸರ ಮನೆಗೆ ಮಾತ್ರ ಸಂಬಂಧಪಟ್ಟದ್ದು ಅಂದುಕೊಳ್ಳಬೇಡಿ. ಇದರ ಬೇರು ಬೇರೆ ಕಡೆ ಇದೆ. ಲೂಸಿಯಾನಾದಲ್ಲಿ ಐದು ಮಕ್ಕಳ ಒಬ್ಬ ತಾಯಿ ತೀರಿಹೋದಳು. ಚಿಕಿತ್ಸೆ ಸರಿಯಾಗಿ ಆಗಲಿಲ್ಲ ಅಂತ ಮಕ್ಕಳ ಪರವಾಗಿ ದಾವೆ ಹಾಕಿದರೆ, ಅವರು ಮದುವೆಯಾಚೆ ಹುಟ್ಟಿದವರು, ತಾಯಿಯ ಸಾವಿಗೆ ಪರಿಹಾರ ಕೇಳುವ ಹಕ್ಕಿಲ್ಲ ಅಂತ ರಾಜ್ಯದ ಕೋರ್ಟು ಹೇಳಿತು. 1968ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಆ ಸಾಲಿನ ತೀರ್ಪುಗಳ ಬೆನ್ನಲ್ಲೇ 1973ರಲ್ಲಿ ಮೊದಲ ಯೂನಿಫಾರ್ಮ್ ಪೇರೆಂಟೇಜ್ ಆಕ್ಟ್ ಬಂತು. ಹೆತ್ತವರು ಮದುವೆಯಾಗಿದ್ದಾರೋ ಇಲ್ಲವೋ, ಮಗುವಿನ ಹಕ್ಕು ಒಂದೇ ಅನ್ನೋದು ಅದರ ತಿರುಳು. ಈಗ ನಡೀತಿರೋದು ಅದೇ ಕೆಲಸದ ಮುಂದಿನ ಭಾಗ.

ಸಾಧನಕೇರಿ (ಗ್ರ್ಯಾಂಡ್ ರ್‍ಯಾಪಿಡ್ಸ್, ಮಿಷಿಗನ್)

ಲಾಯರಮ್ಮನೋರ ಖರೇ ಅಂದ್ರು. ನಮ್ಮದು ಗಂಡ-ಹೆಂಡ್ತಿ ಮನಿ, ಧಾರವಾಡದಾಗ ಹಿರೇರು ಕೂತು ನಿಶ್ಚಯ ಮಾಡಿ ಆದ ಮದುವಿ. ಅಂದ್ರೂ ಈ ಕಾನೂನಿನ ಹೊಡತ ನಮಗ ಬಿದ್ದೇತಿ, ಹೇಳತೇನಿ ಕೇಳ್ರಿ.

ನನ್ನ ಹೆಂಡ್ತಿಗೆ 31ಕ್ಕ ಕ್ಯಾನ್ಸರ್ ಆತು. ಗರ್ಭಕೋಶ ತಗೀಬೇಕಾತು. ಅದಕ್ಕೂ ಮೊದಲ ಡಾಕ್ಟರು ನಮ್ಮಿಬ್ಬರ ಭ್ರೂಣ ಮಾಡಿ ಫ್ರೀಜ್ ಮಾಡಿ ಇಟ್ಟಿದ್ರು. ನಾಕು ವರ್ಷ ಆದಮ್ಯಾಲೆ ನಮ್ಮ ಓಣಿಯ ಒಬ್ಬ ಗೆಳತಿ, ಎರಡು ಮಕ್ಕಳ ತಾಯಿ, ನಾ ಹೊರತೇನಿ ಅಂತ ತಾನಾಗೇ ಬಂದ್ಲು. ಒಂದು ಪೈಸಾ ತಗೋಲಿಲ್ಲ. ತಗೋಳಾಕೂ ಬರತಿರಲಿಲ್ಲ. ಬೇಬಿ ಎಂ ಗದ್ದಲದ ಮ್ಯಾಲೆ ಮಿಷಿಗನ್ 1988ರಾಗ ಕಾನೂನು ಮಾಡಿ ಇಂಥಾ ಒಪ್ಪಂದ ಎಲ್ಲಾ ರದ್ದು, ರೊಕ್ಕದ ಒಪ್ಪಂದ ಮಾಡಿಸಿದವರಿಗೆ ಐದು ವರ್ಷ ಜೈಲು ಅಂತ ಬರದಿತ್ತು.

ಕೂಸಿನ ತಂದಿ-ತಾಯಿ ನಾವ ಅಂತ ಆದೇಶ ಕೇಳಾಕ ಹೆರಿಗಿಗೆ ಮೊದಲ ಕೋರ್ಟಿಗೆ ಹೋದ್ವಿ. ಬ್ಯಾರೆ ಜಿಲ್ಲಾದಾಗ ಕೆಲವು ಜಡ್ಜ್‌ಗಳು ಆದೇಶ ಕೊಡತಿದ್ರು, ನಮ್ಮ ಪಾಲಿಗೆ ಬಂದವರು ಕೊಡಲಿಲ್ಲ. ಕೂಸು ನಮ್ಮದ ರಕ್ತ, ನಮ್ಮದ ಮಾಂಸ. ಜನನ ಪತ್ರದಾಗ ಮಾತ್ರ ತಾಯಿ ಅಂತ ಆ ಗೆಳತಿ ಹೆಸರು, ತಂದಿ ಅಂತ ಆಕಿ ಗಂಡನ ಹೆಸರು. ಆ ಪುಣ್ಯಾತ್ಮ ಬಾಗಲದಾಗ ನಿಂತು ನನ್ನ ಮಾರಿ ನೋಡಲಾರದ ಅತ್ತ.

ಮುಂದ ದತ್ತಕ. ಬೆರಳಚ್ಚು ಕೊಟ್ವಿ, ಸಂಬಳದ ಚೀಟಿ ಕೊಟ್ವಿ, ನಮ್ಮ ನಡತಿ ಚಲೋ ಐತಿ ಅಂತ ಮೂರು ಮಂದಿ ಪತ್ರ ಬರದ್ರು. ಮನಿ ನೋಡಾಕ ಒಬ್ಬಾಕಿ ಬಂದ್ಲು. ಫ್ರಿಜ್ ತಗದು ನೋಡಿದ್ಲು. ನನ್ನ ಹೆಂಡ್ತಿ ಕೂಸಿನ್ನ ತೊಡಿ ಮ್ಯಾಲೆ ಹಾಕ್ಕೊಂಡು ಬಾಟ್ಲಿ ಹಾಲು ಕುಡಸಾಕತ್ತಿದ್ಲು. ಬಂದಾಕಿ ಪೆನ್ ಹಿಡಕೊಂಡು, ಆಕಿ ಕೆಲಸ ಆಕಿ ಮಾಡಿದ್ಲು, ತಪ್ಪ ಅನ್ನಂಗಿಲ್ಲ, 'ಈ ಮಗುವನ್ನ ನೀವು ಯಾಕ ದತ್ತು ತಗೋಬೇಕಂತೀರಿ?' ಅಂತ ಕೇಳಿದ್ಲು. ನನ್ನ ಹೆಂಡ್ತಿ ಬಾಟ್ಲಿ ಕೆಳಗ ಇಟ್ಲು. ಭಾಳ ಹೊತ್ತು ಏನೂ ಅನಲಿಲ್ಲ. ಆಮ್ಯಾಲೆ 'ಇವಳು ನನ್ನಾಕಿ' ಅಂತ ಕನ್ನಡದಾಗ ಅಂದ್ಲು. ಇಂಗ್ಲಿಷ್‌ಗೆ ನಾ ಮಾಡಿ ಹೇಳಬೇಕಾತು.

ಮಿಷಿಗನ್ನಿನ ಹೊಸ ಕಾನೂನಿಗೆ ಗವರ್ನರ್ ವಿಟ್ಮರ್ 2024ರ ಏಪ್ರಿಲ್ 1ಕ್ಕ ಸಹಿ ಹಾಕಿದ್ರು. 2025ರ ಏಪ್ರಿಲ್ 2ರಿಂದ ಜಾರಿ ಆಗೇತಿ. ಈಗ ಹೆರಿಗಿಗೆ ಮೊದಲ ಆದೇಶ ಸಿಗತೈತಿ. ನಮ್ಮ ಮಗಳಿಗೆ ತಡಾ ಆತು, ಆದ್ರ ಇನ್ನೊಬ್ಬ ಹೆಣ್ಮಗಳು ಆ ಪ್ರಶ್ನಿಗೆ ಉತ್ತರ ಕೊಡೂದು ತಪ್ಪಿತಲ್ಲ, ಅಷ್ಟ ಸಾಕು.

ಕಡಲತಡಿ (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ಸಾಧನಕೇರಿಯವರೇ, ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ತಿಳಿಸಿ.

ನಾನು ಮೂಲ್ಕಿಯವ. ನಾನೂ ನನ್ನ ಗಂಡನೂ ಸರೊಗಸಿಯಿಂದ, ಅಂದರೆ ಬೇರೊಬ್ಬರು ನಮಗಾಗಿ ಗರ್ಭ ಹೊತ್ತು, ಮಗಳನ್ನು ಪಡೆದವರು. ಅವಳು ಹುಟ್ಟುವ ಎರಡು ತಿಂಗಳ ಮೊದಲೇ ಕೋರ್ಟಿನ ಆದೇಶ ನಮ್ಮ ಕೈಯಲ್ಲಿತ್ತು. ಆಸ್ಪತ್ರೆಯಲ್ಲಿ ಇಬ್ಬರ ಕೈಗೂ ಪೋಷಕರ ಬಳೆ ಕಟ್ಟಿದರು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಮಗು ಬೇಕು ಎಂದು ಉದ್ದೇಶಪಟ್ಟು ಈ ಕೆಲಸಕ್ಕೆ ಕೈಹಾಕಿದವಳೇ ತಾಯಿ ಎಂದು ಇಲ್ಲಿನ ಸುಪ್ರೀಂ ಕೋರ್ಟು 1993ರಲ್ಲೇ ಹೇಳಿಯಾಗಿದೆ. ಅದೇ ದೇಶ, ವಿಮಾನದಲ್ಲಿ ನಾಲ್ಕು ಗಂಟೆ ಹಾರಿದರೆ ಮಿಷಿಗನ್. ಅಲ್ಲಿ ಒಬ್ಬ ತಾಯಿ ತನ್ನ ಮಗುವನ್ನು ದತ್ತು ಪಡೆಯುತ್ತಿದ್ದಳು. ಇದನ್ನು ಓದಿ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು.

ಒಂದು ವಿನಂತಿ ಉಂಟು. 'ಬಾಡಿಗೆ ತಾಯಿ' ಎಂಬ ಪದ ಪತ್ರಿಕೆಗಳಲ್ಲಿ ಓಡಾಡುತ್ತದೆ, ಇಲ್ಲಿ ಬಳಸುವುದು ಬೇಡ. ನಮ್ಮ ಮಗಳನ್ನು ಹೊತ್ತವರಿಗೆ ನಾವು ಇಂದಿಗೂ ಪ್ರತಿ ಹುಟ್ಟುಹಬ್ಬಕ್ಕೆ ಮೊದಲ ಫೋನ್ ಮಾಡುತ್ತೇವೆ. ಅವರು ಮನೆ ಬಾಡಿಗೆಗೆ ಕೊಟ್ಟವರಲ್ಲ. 'ಹೊತ್ತ ತಾಯಿ' ಎಂದರೆ ಸಾಕಲ್ಲ.

ಎಡಿಸನ್ ರಾಯರು

ಕಡಲತಡಿಯವರೇ, ಒಪ್ಪಿದೆ. ಹೊತ್ತ ತಾಯಿ. ಒಳ್ಳೇ ಮಾತು.

ಸಾಧನಕೇರಿಯವರದ್ದು ಓದಿ ನಮ್ಮ ಮನೆಯವಳಿಗೂ ಓದಿ ಹೇಳಿದೆ. ನ್ಯೂಜೆರ್ಸಿಯೂ 2018ರಲ್ಲಿ ಗರ್ಭ ಹೊರುವ ಒಪ್ಪಂದಕ್ಕೆ ಕಾನೂನು ಮಾಡಿತು ಅಂತ ಈಗ ಗೊತ್ತಾಯ್ತು. ಬೇಬಿ ಎಂ ಕೇಸಿನಲ್ಲಿ ಹೆತ್ತವಳದ್ದೇ ಅಂಡಾಣು, ಇಲ್ಲಿ ಹಾಗಲ್ಲ, ಆ ವ್ಯತ್ಯಾಸ ನನಗೆ ಹೊಳೆದಿರಲಿಲ್ಲ.

ಆದರೂ ಲಾಯರಮ್ಮ, ಒಂದು ಭಯ ಹೋಗಲಿಲ್ಲ. ಈ ಹೊಸ ಕಾನೂನುಗಳಲ್ಲಿ 'ಡಿ ಫ್ಯಾಕ್ಟೊ ಪೇರೆಂಟ್' ಅಂತ ಒಂದಿದೆಯಂತೆ. ರಕ್ತ ಸಂಬಂಧ ಇಲ್ಲ, ದತ್ತು ಇಲ್ಲ, ಮದುವೆ ಇಲ್ಲ, ಆದರೂ ಮಗುವನ್ನು ಸಾಕಿದವರು ಪೋಷಕರು ಅಂತ ಕೋರ್ಟಿಗೆ ಹೋಗಬಹುದಂತೆ. ನಮ್ಮ ಮನೆಗಳನ್ನೇ ನೋಡಿ. ಊರಿಂದ ಅಜ್ಜಿ ಬಂದು ಆರು ತಿಂಗಳು ಬಾಣಂತನ ಮಾಡಿ ಮಗು ನೋಡಿಕೊಳ್ತಾರೆ. ಅವರು ಹೋದ ಮೇಲೆ ಆಯಾ ಬರ್ತಾರೆ. ನಾಳೆ ಜಗಳ ಆಗಿ ಯಾರು ಬೇಕಾದರೂ ಬಂದು ಮಗು ನನ್ನದು ಅಂದರೆ?

ಲಾಯರಮ್ಮ

ಕೇಳಬೇಕಾದ ಪ್ರಶ್ನೆಯೇ, ರಾಯರೇ. ಶಾಸನಸಭೆಗಳಲ್ಲೂ ಇದೇ ಪ್ರಶ್ನೆ ಎದ್ದೇಳುತ್ತೆ.

2017ರ ಮಾದರಿ ಕಾನೂನಿನಲ್ಲಿ ಆ ಬಾಗಿಲು ಬಹಳ ಕಿರಿದು. ಮಗುವಿನ ಜೊತೆ ಒಂದೇ ಮನೆಯಲ್ಲಿ ಆ ಮನೆಯ ಕಾಯಂ ಸದಸ್ಯರಾಗಿ ಗಣನೀಯ ಕಾಲ ಇದ್ದಿರಬೇಕು. ದಿನನಿತ್ಯ ಸಾಕಿರಬೇಕು. ದುಡ್ಡಿನ ಪ್ರತಿಫಲದ ನಿರೀಕ್ಷೆ ಇಲ್ಲದೆ, ಪೋಷಕರ ಪೂರ್ತಿ ಹೊಣೆಯನ್ನು ಕೊನೇತನಕ ಅಂತ ಹೊತ್ತಿರಬೇಕು. ಆಯಾ ಇಲ್ಲಿಗೇ ಹೊರಗಾದರು. 'ಇದು ನನ್ನ ಮಗು' ಅಂತ ಊರೆದುರು ನಡೆದುಕೊಂಡಿರಬೇಕು. ಅಜ್ಜಿ 'ಇವನು ನನ್ನ ಮೊಮ್ಮಗ' ಅಂತಾರೆಯೇ ಹೊರತು ಮಗ ಅನ್ನೋದಿಲ್ಲ, ಹಾಗಾಗಿ ಬಾಣಂತನಕ್ಕೆ ಬಂದ ಅಜ್ಜಿಯೂ ಇದರೊಳಗೆ ಬರೋದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಈಗಾಗಲೇ ಇರುವ ಪೋಷಕರೇ ಆ ನಂಟನ್ನು ಬೆಳೆಸಿರಬೇಕು, ಬೆಂಬಲಿಸಿರಬೇಕು. ನಿಮಗೆ ಗೊತ್ತಿಲ್ಲದ ಹಾಗೆ ಯಾರೂ ನಿಮ್ಮ ಮಗುವಿನ ಪೋಷಕರಾಗೋಕೆ ಆಗೋದಿಲ್ಲ. ಇದಿಷ್ಟೂ ಸಾಬೀತಾದ ಮೇಲೂ ಮಗುವಿಗೆ ಒಳ್ಳೇದೇ ಅಂತ ಕೋರ್ಟಿಗೆ ಅನ್ನಿಸಬೇಕು.

ಈ ಬಾಗಿಲು ಯಾರಿಗೆ ಬೇಕು ಅಂದರೆ, ಮದುವೆಯಾಗದೆ ಇದ್ದು, ಎಂಟು ವರ್ಷ ಟಿಫಿನ್ ಕಟ್ಟಿ, ಹೋಂವರ್ಕ್ ಮಾಡಿಸಿ, ಸಂಬಂಧ ಮುರಿದ ದಿನ 'ನೀನ್ಯಾರು?' ಅನ್ನಿಸಿಕೊಂಡ ಅಪ್ಪನಿಗೋ ಅಮ್ಮನಿಗೋ. ಅವರ ಹಕ್ಕಿಗಿಂತ ಹೆಚ್ಚಾಗಿ, ಬಾಗಿಲಲ್ಲಿ ಅವರಿಗಾಗಿ ಕಾಯ್ತಾ ನಿಲ್ಲೋ ಮಗುವಿಗೆ.

ಹೇಮಾವತಿ ದಂಡೆ (ಆಸ್ಟಿನ್, ಟೆಕ್ಸಾಸ್)

ಲಾಯರಮ್ಮನವರೇ, ನಾನು ಆ ಅಪ್ಪ. ಮದುವೆ ಆಗಿದೆ, ಆದರೂ. ನನ್ನ ಹೆಂಡತಿಗೆ ಇದು ಎರಡನೇ ಮದುವೆ. ಮಗಳು ನನ್ನ ಕೈಗೆ ಬಂದಾಗ ಎರಡು ವರ್ಷ, ಈಗ ಒಂಬತ್ತು. ಹುಟ್ಟಿಸಿದವರು ಹಾಸನದಲ್ಲಿದ್ದಾರೆ, ದತ್ತಿಗೆ ಒಪ್ಪಿಗೆ ಕೊಡ್ತಿಲ್ಲ, ಮಗುವನ್ನು ನೋಡೋಕೂ ಬಂದಿಲ್ಲ. ನಾಳೆ ನನ್ನ ಹೆಂಡತಿಗೆ ಏನಾದರೂ ಆದರೆ ನಾನು ಮಗಳಿಗೆ ಏನಾಗ್ತೀನಿ?

ಲಾಯರಮ್ಮ

ಟೆಕ್ಸಾಸ್ ಹೊಸ ಮಾದರಿಯನ್ನು ತಂದಿಲ್ಲ. ಆದರೆ ಮಗುವನ್ನು ಕನಿಷ್ಠ ಆರು ತಿಂಗಳು ನಿಜವಾಗಿ ಸಾಕಿ ನೋಡಿಕೊಂಡವರಿಗೆ ಕೋರ್ಟಿಗೆ ಹೋಗುವ ಅರ್ಹತೆಯನ್ನು ಅಲ್ಲಿನ ಕಾನೂನು ಕೊಡುತ್ತೆ. ಅದು ಅರ್ಜಿ ಹಾಕುವ ಅರ್ಹತೆ ಅಷ್ಟೇ, ಅಪ್ಪ ಅನ್ನೋ ಪಟ್ಟ ಅಲ್ಲ. ಇವತ್ತೇ ಎರಡು ಕೆಲಸ ಮಾಡಿ. ಹೆಂಡತಿ ತಮ್ಮ ವಿಲ್‌ನಲ್ಲಿ ನಿಮ್ಮನ್ನು ಗಾರ್ಡಿಯನ್ ಅಂತ ಹೆಸರಿಸಲಿ. ಅಲ್ಲಿನ ಕುಟುಂಬ ವಕೀಲರನ್ನು ಕಂಡು, ಸಂಪರ್ಕವೇ ಇಟ್ಟುಕೊಳ್ಳದ ತಂದೆಯ ಹಕ್ಕು ರದ್ದಾಗಿ ನಿಮಗೆ ದತ್ತು ಆಗುತ್ತದೆಯೇ ಕೇಳಿ. ಸುಮ್ಮನೆ ದಿನ ದೂಡಬೇಡಿ ಅಣ್ಣ.

ಮಲ್ಲೇಶ್ವರಂ 18ನೇ ಕ್ರಾಸ್ (ಬೆಂಗಳೂರು)

ನಾನು ಇಲ್ಲೇ ವಕೀಲಿಕೆ ಮಾಡ್ತೀನಿ. ಅಮೆರಿಕದ ವಿಷಯ ನಡೀತಿದೆ, ಆದರೂ ಇದನ್ನು ಓದೋರಲ್ಲಿ ಬಹಳ ಜನ ಮಕ್ಕಳನ್ನು ಕರ್ಕೊಂಡು ಊರಿಗೆ ಬರೋರೇ, ಅದಕ್ಕೇ ಬರೀತಿದ್ದೀನಿ.

ಒಂದು ಕಾಲದಲ್ಲಿ ಅಲ್ಲಿಂದ ಜನ ಇಲ್ಲಿಗೆ, ಗುಜರಾತಿನ ಆಣಂದಕ್ಕೆ, ಸರೊಗಸಿಗೆ ಅಂತಲೇ ಬರ್ತಿದ್ದರು. 2008ರಲ್ಲಿ ಜಪಾನಿನ ದಂಪತಿಯ ಮಗುವೊಂದು ಹುಟ್ಟುವ ಹೊತ್ತಿಗೆ ಅವರ ವಿಚ್ಛೇದನ ಆಗಿ, ಆ ಹಸುಗೂಸಿಗೆ ಯಾವ ದೇಶದ ಪಾಸ್‌ಪೋರ್ಟೂ ಇಲ್ಲದೆ ಅಜ್ಜಿ ಬಂದು ಕಾಯಬೇಕಾಯ್ತು. ಆಮೇಲೆ ನಮ್ಮಲ್ಲಿ ಕಾನೂನು ಬಂತು. ಸರೊಗಸಿ ಕಾಯ್ದೆ, ಎ.ಆರ್.ಟಿ. (ವೈದ್ಯಕೀಯ ನೆರವಿನ ಗರ್ಭಧಾರಣೆ) ಕಾಯ್ದೆ, ಎರಡೂ 2021ರವು, 2022ರ ಜನವರಿಯಿಂದ ಜಾರಿ. ದುಡ್ಡಿನ ಸರೊಗಸಿ ನಿಷಿದ್ಧ. ಹೀಗೆ ಹುಟ್ಟಿದ ಮಗು ಬಯಸಿದ ದಂಪತಿಯದೇ ಮಗು ಅಂತ ಎರಡೂ ಕಾಯ್ದೆಗಳು ಸ್ಪಷ್ಟವಾಗಿ ಹೇಳುತ್ವೆ, ದಾನಿಗೆ ಹಕ್ಕಿಲ್ಲ ಅಂತ ಎ.ಆರ್.ಟಿ. ಕಾಯ್ದೆ ಹೇಳುತ್ತೆ. ಆ ಒಂದು ವಿಷಯದಲ್ಲಿ ಅಮೆರಿಕದ ಎಷ್ಟೋ ರಾಜ್ಯಗಳಿಗಿಂತ ನಮ್ಮದು ಚೊಕ್ಕ. ಆದರೆ ದಂಪತಿ ಅಂದರೆ ಮದುವೆಯಾದ ಗಂಡು-ಹೆಣ್ಣು ಮಾತ್ರ. ಮದುವೆಯಾಗದ ಹೆಂಗಸು ದಾನಿಯ ವೀರ್ಯದಿಂದ ತಾನೇ ಗರ್ಭ ಧರಿಸಬಹುದು, ಸರೊಗಸಿ ಮಾಡಿಸೋ ಹಾಗಿಲ್ಲ. ಅದು 35ರಿಂದ 45 ವಯಸ್ಸಿನ ವಿಧವೆ ಅಥವಾ ವಿಚ್ಛೇದಿತೆಗೆ ಮಾತ್ರ. ಒಂಟಿ ಗಂಡಸಿಗೂ, ಶರಾವತಿ, ಕಡಲತಡಿ ಇವರಂಥ ಜೋಡಿಗಳಿಗೂ ಜಾಗವೇ ಇಲ್ಲ. 2023ರ ಅಕ್ಟೋಬರ್ 17ರ ಸುಪ್ರೀಂ ಕೋರ್ಟ್ ತೀರ್ಪು ಮದುವೆಯ ಹಕ್ಕನ್ನೂ ಕೊಡಲಿಲ್ಲ.

ನಮ್ಮ ಹೈಕೋರ್ಟಿನ ಒಂದು ಕೇಸು ನೆನಪಾಗುತ್ತೆ. 23 ವರ್ಷದ ಒಬ್ಬನೇ ಮಗನನ್ನು ಕಳೆದುಕೊಂಡ ದಂಪತಿ. ಗಂಡನ ವಯಸ್ಸು ಕಾಯ್ದೆಯ ಮಿತಿಯಾದ 55 ದಾಟಿತ್ತು. 2023ರಲ್ಲಿ ನ್ಯಾಯಮೂರ್ತಿ ನಾಗಪ್ರಸನ್ನ ಅವರು ವಯಸ್ಸೊಂದನ್ನೇ ನೋಡದೆ ಅನುವಂಶೀಯ, ದೈಹಿಕ, ಆರ್ಥಿಕ ಅಂತ ಮೂರು ಪರೀಕ್ಷೆ ಇಟ್ಟು ಅವರ ಅರ್ಜಿಯನ್ನು ಪರಿಗಣಿಸಲು ಹೇಳಿದರು. ಕಾನೂನು ಬರೆದವರ ಕಣ್ಣಿಗೆ ಬೀಳದ ಮನೆಗಳು ಎಷ್ಟೋ ಇರುತ್ವೆ.

ರಕ್ತವೇ ಎಲ್ಲ ಅಂತ ನಮ್ಮ ಕಾನೂನೂ ಯಾವತ್ತೂ ಹೇಳಿಲ್ಲ. ಮದುವೆಯ ಅವಧಿಯಲ್ಲಿ ಅಥವಾ ಅದು ಮುಗಿದ 280 ದಿನದೊಳಗೆ ಹುಟ್ಟಿದ ಮಗು ಆ ಗಂಡನದೇ ಅಂತ 1872ರ ಸಾಕ್ಷ್ಯ ಕಾಯ್ದೆಯಿಂದ ಇವತ್ತಿನ ಸಾಕ್ಷ್ಯ ಅಧಿನಿಯಮದವರೆಗೂ ಬಂದಿದೆ. ಮಗುವಿನ ಮೇಲೆ ಕಳಂಕ ಬರಬಾರದು ಅನ್ನೋದೇ ಅದರ ಹಿಂದಿನ ವಿಚಾರ. ಆ ರಕ್ಷಣೆಯನ್ನು ಇನ್ನೂ ನಾಲ್ಕು ಥರದ ಮನೆಗಳಿಗೆ ಕೊಡಿ ಅಂತ ಕೇಳೋದರಲ್ಲಿ ವಿಪರೀತ ಏನೂ ಇಲ್ಲ.

ಎಡಿಸನ್ ರಾಯರು

ಮೂರು ದಿನ ಆಯ್ತು, ಬರೆದು ಅಳಿಸಿ ಬರೆದು ಅಳಿಸಿ. ಇದನ್ನು ನನ್ನ ಮಕ್ಕಳಿಗೂ ಪೂರ್ತಿ ಹೇಳಿಲ್ಲ.

ನನ್ನನ್ನು ಸಾಕಿದ್ದು ನಂಜನಗೂಡಿನಲ್ಲಿದ್ದ ದೊಡ್ಡಪ್ಪ, ದೊಡ್ಡಮ್ಮ. ಅವರಿಗೆ ಮಕ್ಕಳಿರಲಿಲ್ಲ, ನಮ್ಮಪ್ಪನಿಗೆ ಆರು ಜನ. ಮೂರು ವರ್ಷದವನಿದ್ದಾಗ ಕರ್ಕೊಂಡು ಹೋದರು. ಶಾಲೆಯ ರಿಜಿಸ್ಟರಿನಲ್ಲಿ ತಂದೆಯ ಹೆಸರು ಅಂತ ದೊಡ್ಡಪ್ಪನದೇ ಇತ್ತು. ಉಪನಯನಕ್ಕೆ ಮಣೆ ಮೇಲೆ ಕೂತವರು ಅವರೇ. ದೊಡ್ಡಮ್ಮನನ್ನು ನಾನು ಅಮ್ಮ ಅಂತಲೇ ಕರೆದೆ, ಇವರನ್ನು ದೊಡ್ಡಮ್ಮ ಅಂತ ಬರೆಯೋಕೂ ಈಗ ಕೈ ನಡುಗುತ್ತೆ.

ಅವರಿಬ್ಬರೂ ಹೋದ ಮೇಲೆ ಮನೆ, ಗದ್ದೆಯ ವಿಷಯ ಕೋರ್ಟಿಗೆ ಹೋಯ್ತು. ದತ್ತು ಪತ್ರ ಇರಲಿಲ್ಲ. ಹಿಂದೂ ದತ್ತು ಕಾನೂನಿನಲ್ಲಿ ಮಗುವನ್ನು ಕೈಯಾರೆ ಕೊಟ್ಟು ತೆಗೆದುಕೊಂಡದ್ದು ಸಾಬೀತಾಗಬೇಕು. ಕೊಟ್ಟವರೂ ಇಲ್ಲ, ತೆಗೆದುಕೊಂಡವರೂ ಇಲ್ಲ, ನೋಡಿದವರೂ ಇಲ್ಲ. ಗದ್ದೆ ಹೋಯ್ತು, ಹೋಗಲಿ. ತೀರ್ಪಿನಲ್ಲಿ ನಾನು ಅವರ 'ತಮ್ಮನ ಮಗ ಮಾತ್ರ' ಅಂತ ಬರೆದಿತ್ತು. ಆ 'ಮಾತ್ರ' ಅನ್ನೋ ಪದವನ್ನು ನಾನು 30 ವರ್ಷದಿಂದ ಹೊತ್ತು ತಿರುಗ್ತಿದ್ದೀನಿ.

ಶರಾವತಿ, ಮೊದಲ ದಿನ ನಾನು ಕೇಳಿದ್ದೆನಲ್ಲ, ಕಾಗದದ ಮೇಲೆ ಬರೆದು ತೀರ್ಮಾನ ಮಾಡೋಕೆ ಆಗುತ್ತಾ ಅಂತ. ಕಾಗದ ಇಲ್ಲದೆ ಇದ್ದರೆ ಏನಾಗುತ್ತೆ ಅಂತ ನನಗೇ ಗೊತ್ತಿತ್ತು. ಆ ಪ್ರಶ್ನೆಯನ್ನು ವಾಪಸ್ ತಗೊಳ್ತೀನಿ ಮಗಳೇ.

ಸಾಧನಕೇರಿ

ರಾಯರ, ನೀವು ಬರದದ್ದು ಓದಿ ನನಗ ಕಿತ್ತೂರು ನೆನಪಾತು. ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು. ದತ್ತಕ ಮಗ ಶಿವಲಿಂಗಪ್ಪನ್ನ ಕಂಪನಿ ಒಪ್ಪಲಿಲ್ಲ, ಧಾರವಾಡದ ಕಲೆಕ್ಟರ್ ಥ್ಯಾಕರೆ ಫೌಜು ತಗೊಂಡು ಬಂದ, 1824ರ ಅಕ್ಟೋಬರದಾಗ ಚೆನ್ನಮ್ಮ ಕಾದಿದ್ಲು. ಮುಂದ 1865ರಾಗ ಮೈಸೂರಿನ ಮುಮ್ಮಡಿ ಕೃಷ್ಣರಾಜರು ದತ್ತಕ ತಗೊಂಡಾಗ ಅದ ಇಂಗ್ರೇಜ ಸರಕಾರ ಮೊದಲ ಹಿಂದ ಮುಂದ ನೋಡಿ, ಆಮ್ಯಾಲೆ ಒಪ್ಪಿಕೊಂಡಿತು. ಎರಡೂ ಮನಿಯಾಗ ಮಗಾನ್ನ ತೊಡಿ ಮ್ಯಾಲೆ ಕೂಡಿಸಿಕೊಂಡದ್ದು ಒಂದ ರೀತಿ. ಯಾರು ಮಗಾ ಅಂತ ಹೇಳೂ ಅಧಿಕಾರ ಮನಿಯವರ ಕೈಯಾಗ ಇರಲಿಲ್ಲ, ಅಷ್ಟ.

ಕಡಲತಡಿ

ರಾಯರೇ, ಅಮ್ಮನ ಹೆಸರೇನು? ನಿಮಗೆ ಹೇಳಬೇಕು ಅನಿಸಿದರೆ ಮಾತ್ರ.

ಎಡಿಸನ್ ರಾಯರು

ಪುಟ್ಟಮ್ಮಣ್ಣಿ.

ಶರಾವತಿ

ರಾಯರೇ, ನಿಮ್ಮ ಮಾತು ಓದಿ ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತೇ ಅತ್ತೆವು. ಇವಳಿಗೆ ಒಂದೊಂದೇ ವಾಕ್ಯ ಅನುವಾದ ಮಾಡಿ ಹೇಳಿದೆ.

ನಾನು ಮೊದಲ ದಿನ ಹೇಳಿರಲಿಲ್ಲ. ಇವಳು ಮತ್ತೆ ಬಸುರಿಯಾಗಿದ್ದಳು. ಮೊನ್ನೆ ಶುಕ್ರವಾರ ಮಗಳು ಹುಟ್ಟಿದಳು. ಶನಿವಾರ ಬೆಳಿಗ್ಗೆ ಆಸ್ಪತ್ರೆಯಲ್ಲೇ ಒಪ್ಪಿಗೆ ಪತ್ರದ ಫಾರಂ ಕೊಟ್ಟರು. ತಾಯಿ, ತಂದೆ ಅನ್ನೋ ಖಾನೆ ಇರಲಿಲ್ಲ. ಹೆತ್ತವರು, ಇನ್ನೊಬ್ಬ ಪೋಷಕರು, ಅಷ್ಟೇ. ಇವಳು ಸಹಿ ಹಾಕಿದಳು, ಮಗು ನನ್ನ ಎಡಗೈ ಮೇಲಿತ್ತು, ನಾನು ಬಲಗೈಯಲ್ಲಿ ಹಾಕಿದೆ. ಮಗನಿಗೆ ಏಳು ತಿಂಗಳು ಹಿಡಿದದ್ದು ಮಗಳಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಲಾಯರಮ್ಮ, ಇಷ್ಟಕ್ಕೆ ಮುಗಿಯಿತಾ, ಅಥವಾ ದತ್ತೂ ಮಾಡಿಸಬೇಕಾ?

ಲಾಯರಮ್ಮ

ಅಭಿನಂದನೆ! ಬಾಣಂತಿ, ಮಗು ಇಬ್ಬರನ್ನೂ ಬೆಚ್ಚಗಿಡಿ.

ಸಹಿ ಹಾಕಿದ ದಿನದಿಂದ 60 ದಿನ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದು ದಾಟಿದರೆ ಪತ್ರ ಗಟ್ಟಿ. ಪ್ರಮಾಣೀಕೃತ ಪ್ರತಿ ಮೂರಾದರೂ ತರಿಸಿಕೊಳ್ಳಿ. ಈ ದೇಶದೊಳಗೆ ಓಡಾಡೋಕೆ ಅಷ್ಟು ಸಾಕು ಅಂತ ಕಾನೂನು ಹೇಳುತ್ತೆ. ಆದರೆ ನೀವು ಮಕ್ಕಳನ್ನು ಸಾಗರಕ್ಕೆ ಕರ್ಕೊಂಡು ಹೋಗೋರು. ಹೊರದೇಶದ ಕಚೇರಿಗಳಿಗೆ ಒಪ್ಪಿಗೆ ಪತ್ರ ಅಂದರೆ ಏನು ಅಂತ ಗೊತ್ತಿರೋದಿಲ್ಲ, ಕೋರ್ಟಿನ ಮೊಹರು ಇರೋ ಆದೇಶ ಗೊತ್ತಿರುತ್ತೆ. ನನ್ನನ್ನು ಕೇಳಿದರೆ ದತ್ತು ಆದೇಶವನ್ನೂ ಮಾಡಿಸಿ. ಮಾಡಿಸಬೇಕಾಗಿ ಬಂದದ್ದು ಅನ್ಯಾಯವೇ, ಆದರೂ ಮಾಡಿಸಿ. ನಿಮ್ಮ ಊರಿನ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಶರಾವತಿ

ಗುರುತು ಹಾಕಿದೆ. ಮಗನದು ನೀಲಿ ಫೈಲು, ಕಾರಿನ ಡ್ಯಾಶ್‌ಬೋರ್ಡ್ ಒಳಗೆ ಯಾವಾಗಲೂ ಇರುತ್ತೆ. ಮಗಳಿಗೆ ಕೆಂಪು ಫೈಲು ತಂದಿದ್ದೀನಿ. ಸದ್ಯಕ್ಕೆ ಅದರಲ್ಲಿ ಒಂದೇ ಹಾಳೆ ಇದೆ. ಸೋಮವಾರ ವಕೀಲರಿಗೆ ಫೋನ್ ಮಾಡ್ತೀನಿ.